ವಪೆಯ ಕಿಂಡಿ ಸಡಿಲವಾದಾಗ: ಹಯಾಟಸ್ ಹರ್ನಿಯಾ ಎಂದರೇನು, ಅದಕ್ಕೆ ಏನು ಮಾಡಬೇಕು

ಎಂಡೋಸ್ಕೋಪಿ ಮುಗಿಸಿ ಹೊರಬಂದವರ ಕೈಗೆ ಒಂದು ವರದಿ ಬರುತ್ತದೆ. ನಾಲ್ಕೈದು ಬಣ್ಣದ ಚಿತ್ರಗಳ ಕೆಳಗೆ ಅನೇಕರಿಗೆ ಈ ಸಾಲು ಕಾಣುತ್ತದೆ: ‘ಸ್ಮಾಲ್ ಹಯಾಟಸ್ ಹರ್ನಿಯಾ, ಲ್ಯಾಕ್ಸ್ ಎಲ್‌ಇಎಸ್’. ವೈದ್ಯರು ಮಾತ್ರೆ ಬರೆದು, ಖಾರ ಕಡಿಮೆ ಮಾಡಿ ಎಂದು ಹೇಳಿ ಕಳಿಸಿರುತ್ತಾರೆ. ಮನೆಗೆ ಬಂದು ಕಾಗದ ಬಿಡಿಸಿ ನೋಡಿದಾಗ ಹರ್ನಿಯಾ ಎಂಬ ಮಾತು ಎದೆ ಹಿಡಿದಂತೆ ಮಾಡುತ್ತದೆ. ಹರ್ನಿಯಾ ಎಂದರೆ ತೊಡೆಸಂದಿಯಲ್ಲಿ ಊದಿಕೊಳ್ಳುವಂಥದ್ದು, ಇವತ್ತಲ್ಲ ನಾಳೆ ಆಪರೇಷನ್ ಆಗಲೇಬೇಕಾದದ್ದು ಎಂದೇ ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. ಹಾಗಾದರೆ ಇದಕ್ಕೂ ಕೊಯ್ಯಬೇಕೇ? ಒಳಗೆ ಏನೋ ಹರಿದುಹೋಗಿದೆಯೇ? ಇನ್ನು ಮೇಲೆ ಕೊಡ ಎತ್ತುವ ಹಾಗಿಲ್ಲವೇ?

ಬಹುಪಾಲು ಜನರ ಮಟ್ಟಿಗೆ ಉತ್ತರ ನೆಮ್ಮದಿ ಕೊಡುವಂಥದ್ದೇ. ವರದಿಯಲ್ಲಿ ಹರ್ನಿಯಾ ಇದೆ ಎಂದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಅದು ಯಾವ ಬಗೆಯದು, ಎಷ್ಟು ದೊಡ್ಡದು, ಅದರಿಂದ ನಿಮಗೆ ಏನಾಗುತ್ತಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕೆಲವೇ ಕೆಲವರಲ್ಲಿ ಮಾತ್ರ ಇದು ತುರ್ತಾಗಿ ನೋಡಬೇಕಾದ ಸಂಗತಿ. ಆ ಕೆಲವರು ಯಾರು ಎಂದು ಗುರುತಿಸುವುದು ತಿಳಿದಿದ್ದರೆ ಉಳಿದವರು ಹೆದರಿಕೆಯಿಲ್ಲದೆ ಬದುಕಬಹುದು. ಅದಕ್ಕೆ ಮೊದಲು ಒಳಗಿನ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದು ಅರ್ಥವಾದರೆ ಯಾಕೆ ಎಡಮಗ್ಗುಲಲ್ಲಿ ಮಲಗಬೇಕು, ಯಾಕೆ ಮಾತ್ರೆಯನ್ನು ತಿಂಡಿಗೆ ಮುಂಚೆಯೇ ನುಂಗಬೇಕು ಎಂಬುದೆಲ್ಲ ತಾನಾಗಿಯೇ ಹೊಳೆಯುತ್ತದೆ.

ಎದೆಗೂ ಹೊಟ್ಟೆಗೂ ನಡುವಿನ ಬಾಗಿಲು

ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆಯೇ ವಪೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಉಸಿರಾಟದ ಪಾಠದಲ್ಲಿ ಓದಿದ್ದು ಇದನ್ನೇ. ಉಸಿರೆಳೆದಾಗ ಅದು ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ಎದೆಯಿಂದ ಹೊಟ್ಟೆಗೆ ಹಾಯುವ ಕೊಳವೆಗಳಿಗಾಗಿ ಅದರಲ್ಲಿ ಮೂರು ದೊಡ್ಡ ದಾರಿಗಳಿವೆ: ಮಹಾಪಧಮನಿಗೊಂದು, ಮಹಾಭಿಧಮನಿಗೊಂದು, ಅನ್ನನಾಳಕ್ಕೊಂದು. ಅನ್ನನಾಳ ಹಾದುಹೋಗುವ ಈ ಕಿಂಡಿಗೆ ವೈದ್ಯರು ಹಯಾಟಸ್ ಎನ್ನುತ್ತಾರೆ. ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ ಎದೆಯಲ್ಲಿ ಬೆನ್ನುಮೂಳೆಯ ಮುಂದೆ ಇಳಿದು, ಈ ಕಿಂಡಿಯಲ್ಲಿ ನುಸುಳಿ, ಹೊಟ್ಟೆಯೊಳಗೆ ಒಂದೆರಡು ಸೆಂಟಿಮೀಟರ್ ಸಾಗಿ ಜಠರವನ್ನು ಸೇರುತ್ತದೆ.

ಜಠರದಲ್ಲಿರುವ ಆಮ್ಲ ಬಹಳ ತೀಕ್ಷ್ಣವಾದದ್ದು. ಜಠರದ ಒಳಗೋಡೆಗೆ ಅದನ್ನು ತಡೆದುಕೊಳ್ಳುವ ಲೋಳೆಯ ಹೊದಿಕೆ ಇದೆ, ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಹಾಗಾಗಿ ಇವೆರಡು ಕೂಡುವ ಜಾಗದಲ್ಲಿ ಬಿಗಿಯಾದ ತಡೆ ಬೇಕು. ದೇಹ ಅಲ್ಲಿ ಒಂದಲ್ಲ, ಎರಡು ತಡೆಗಳನ್ನು ಇಟ್ಟಿದೆ. ಒಂದು, ಅನ್ನನಾಳದ ತುದಿಯಲ್ಲೇ ಇರುವ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಬಿಗಿಸ್ನಾಯು. ವರದಿಯ ‘ಎಲ್‌ಇಎಸ್’ ಇದೇ. ಎರಡನೆಯದು ಹೊರಗಿನಿಂದ ಅದೇ ಜಾಗವನ್ನು ಬಳಸಿ ಹಿಡಿದಿರುವ ವಪೆಯ ಸ್ನಾಯುಪಟ್ಟಿ. ಎರಡೂ ಒಂದರ ಮೇಲೊಂದು ಕೂತಿರುವುದರಿಂದಲೇ ತಡೆಗೆ ಬಲ.

ಈ ಎರಡನೆಯ ತಡೆಯ ಜಾಣ್ಮೆಯನ್ನು ಗಮನಿಸಬೇಕು. ನಾವು ಉಸಿರೆಳೆದಾಗ ಎದೆಯೊಳಗಿನ ಒತ್ತಡ ಇಳಿಯುತ್ತದೆ, ಹೊಟ್ಟೆಯೊಳಗಿನದು ಏರುತ್ತದೆ. ಲೆಕ್ಕದ ಪ್ರಕಾರ ಪ್ರತಿ ಉಸಿರಿಗೂ ಜಠರದಲ್ಲಿರುವುದು ಮೇಲಕ್ಕೆ ಸೆಳೆದುಕೊಳ್ಳಬೇಕು. ಆದರೆ ಉಸಿರೆಳೆಯಲು ಬಿಗಿಯಾಗುವ ವಪೆಯೇ ಅದೇ ಕ್ಷಣದಲ್ಲಿ ಅನ್ನನಾಳವನ್ನೂ ಬಿಗಿಹಿಡಿಯುತ್ತದೆ. ಕೆಮ್ಮಿದಾಗ, ಬಾಗಿದಾಗ, ಭಾರ ಎತ್ತಿದಾಗಲೂ ಹಾಗೆಯೇ. ಅಪಾಯ ಬರುವ ಹೊತ್ತಿಗೇ ಬಾಗಿಲು ಬಿಗಿಯಾಗುವ ಏರ್ಪಾಟು ಇದು.

ಅನ್ನನಾಳವನ್ನು ಕಿಂಡಿಯ ಅಂಚಿಗೆ ಹಿಡಿದಿಡಲು ತೆಳುವಾದ, ಎಳೆದರೆ ಹಿಗ್ಗಿ ಮತ್ತೆ ಕುಗ್ಗುವ ಒಂದು ಪೊರೆ ಇದೆ. ಪ್ರತಿ ಬಾರಿ ನುಂಗುವಾಗಲೂ ಅನ್ನನಾಳ ಉದ್ದಕ್ಕೆ ಕುಗ್ಗಿ ಅದರ ತುದಿ ತುಸು ಮೇಲೆದ್ದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ದಿನಕ್ಕೆ ನೂರಾರು ಸಲ, ವರ್ಷಗಟ್ಟಲೆ ಈ ಎಳೆದಾಟ ನಡೆದು ಪೊರೆ ಸವೆಯುತ್ತದೆ, ಕಿಂಡಿ ಅಗಲವಾಗುತ್ತದೆ. ಆಗ ಜಠರದ ಮೇಲಿನ ಭಾಗ ಕಿಂಡಿಯಲ್ಲಿ ತೂರಿ ಎದೆಯೊಳಕ್ಕೆ ಏರುತ್ತದೆ. ಹಯಾಟಸ್ ಹರ್ನಿಯಾ ಎಂದರೆ ಇಷ್ಟೇ. ಇದ್ದಕ್ಕಿದ್ದಂತೆ ಏನೂ ಹರಿಯುವುದಿಲ್ಲ, ನಿಧಾನವಾಗಿ ಸಡಿಲವಾಗುತ್ತದೆ. ಐವತ್ತು ದಾಟಿದವರಲ್ಲಿ ಇದು ಹೆಚ್ಚಾಗಿ ಕಾಣುವುದಕ್ಕೆ ಕಾರಣವೂ ಇದೇ. ಹೊಟ್ಟೆಯ ಸುತ್ತ ತುಂಬಿದ ಬೊಜ್ಜು, ಬಸಿರು, ಬಿಡದ ಕೆಮ್ಮು, ಮಲಬದ್ಧತೆಯಿಂದ ಮುಕ್ಕಿರಿಯುವುದು, ವರ್ಷಾನುಗಟ್ಟಲೆ ಮೂಟೆ ಹೊರುವ ಕೆಲಸ, ಇವೆಲ್ಲ ಕೆಳಗಿನಿಂದ ಒತ್ತುತ್ತಲೇ ಇರುವುದರಿಂದ ಸಡಿಲಿಕೆ ಬೇಗ ಆಗಬಹುದು. ಕೆಲವರಿಗೆ ಹುಟ್ಟಿನಿಂದಲೇ ಕಿಂಡಿ ಅಗಲವಾಗಿರುತ್ತದೆ.

ಜಾರುವುದು ಬೇರೆ, ಪಕ್ಕದಲ್ಲಿ ನುಗ್ಗುವುದು ಬೇರೆ

ಹಯಾಟಸ್ ಹರ್ನಿಯಾಗಳಲ್ಲಿ ನೂರಕ್ಕೆ ಸುಮಾರು 95 ಪಾಲು ಒಂದೇ ಬಗೆಯದು. ಅನ್ನನಾಳದ ತುದಿ ಮತ್ತು ಅದಕ್ಕೆ ಅಂಟಿದ ಜಠರದ ನೆತ್ತಿ ಎರಡೂ ಒಟ್ಟಿಗೆ ಮೇಲೆ ಜಾರುತ್ತವೆ, ಮತ್ತೆ ಕೆಳಗಿಳಿಯುತ್ತವೆ. ಇದು ಜಾರುವ ಹರ್ನಿಯಾ, ವೈದ್ಯರ ಎಣಿಕೆಯಲ್ಲಿ ಮೊದಲನೆಯ ಬಗೆ. ಇದರಲ್ಲಿ ಜಠರ ತಿರುಚಿಕೊಳ್ಳುವ ಭಯ ಇಲ್ಲವೆಂದೇ ಹೇಳಬಹುದು. ತೊಂದರೆ ಏನಿದ್ದರೂ ಆಮ್ಲದ್ದು. ಎರಡು ತಡೆಗಳು ಬೇರೆಬೇರೆಯಾದವಲ್ಲ, ಅನ್ನನಾಳದ ಬಿಗಿಸ್ನಾಯು ಎದೆಯೊಳಗೆ ಏರಿತು, ವಪೆಯ ಪಟ್ಟಿ ಅನ್ನನಾಳವನ್ನು ಬಿಟ್ಟು ಜಠರವನ್ನು ಹಿಡಿದುಕೊಂಡಿತು. ಒಂದರ ಮೇಲೊಂದು ಇದ್ದಾಗಿನ ಬಲ ಈಗ ಇಲ್ಲ. ಅಷ್ಟೇ ಅಲ್ಲ, ಎರಡರ ನಡುವೆ ಒಂದು ಚಿಕ್ಕ ಚೀಲ ಉಂಟಾಗಿ ಅಲ್ಲಿ ಆಮ್ಲ ನಿಲ್ಲುತ್ತದೆ. ಮುಂದಿನ ಸಲ ನುಂಗಲು ಬಾಗಿಲು ತೆರೆದ ಕೂಡಲೇ ಅದು ಮೇಲಕ್ಕೆ ಚಿಮ್ಮುತ್ತದೆ.

ಊಟವಾದ ಮೇಲೆ ಜಠರದಲ್ಲಿ ಆಮ್ಲ ಅನ್ನದ ಜೊತೆ ಪೂರ್ತಿ ಬೆರೆಯುವುದಿಲ್ಲ. ಅನ್ನದ ಮೇಲೆ, ಅನ್ನನಾಳದ ಬಾಯಿಯ ಹತ್ತಿರವೇ, ಹೊಸದಾಗಿ ಸ್ರವಿಸಿದ ಆಮ್ಲದ ಒಂದು ಪದರ ನಿಂತಿರುತ್ತದೆ. ಗ್ಲಾಸ್ಗೋದ ಸಂಶೋಧಕರು 2001ರಲ್ಲಿ ಇದನ್ನು ತೋರಿಸಿಕೊಟ್ಟರು. ಅಲ್ಲಿಯವರೆಗೆ, ಊಟ ಆಮ್ಲವನ್ನು ತಣಿಸುತ್ತದೆ ಅಂದಮೇಲೆ ಊಟದ ನಂತರವೇ ಎದೆ ಯಾಕೆ ಉರಿಯಬೇಕು ಎಂಬುದು ಬಿಡಿಸಲಾಗದ ಗಂಟಾಗಿತ್ತು. ಹರ್ನಿಯಾ ಇರುವವರಲ್ಲಿ ಈ ಆಮ್ಲದ ಪದರ ವಪೆಯನ್ನು ದಾಟಿ ಮೇಲೆಯೇ ಕೂರುತ್ತದೆ.

ಉಳಿದ ಐದು ಪಾಲಿನ ಕಥೆ ಬೇರೆ. ಅನ್ನನಾಳದ ತುದಿ ತನ್ನ ಜಾಗದಲ್ಲೇ ಇದ್ದು, ಅದರ ಪಕ್ಕದಿಂದ ಜಠರದ ನೆತ್ತಿ ಕಿಂಡಿಯೊಳಕ್ಕೆ ನುಗ್ಗಿದರೆ ಅದು ಎರಡನೆಯ ಬಗೆ. ತುದಿಯೂ ಜಾರಿ, ಪಕ್ಕದಿಂದಲೂ ನುಗ್ಗಿದ್ದರೆ ಮೂರನೆಯದು. ಜಠರದ ಜೊತೆ ದೊಡ್ಡ ಕರುಳೋ ಗುಲ್ಮವೋ ಎದೆಗೆ ಏರಿದ್ದರೆ ನಾಲ್ಕನೆಯದು. ಇವುಗಳಲ್ಲಿ ಎದೆಯುರಿಗಿಂತ ಯಾಂತ್ರಿಕ ತೊಂದರೆಯೇ ಹೆಚ್ಚು: ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಉಂಡ ಮೇಲೆ ಎದೆ ಒತ್ತಿದಂತಾಗಿ ಏದುಸಿರು ಬರುವುದು, ವಾಂತಿ. ಕಿಂಡಿಯ ಅಂಚು ಜಠರಕ್ಕೆ ಉಜ್ಜುವ ಕಡೆ ಗೀರುಗಾಯಗಳಾಗಿ ಕಣ್ಣಿಗೆ ಕಾಣದ ಹಾಗೆ ರಕ್ತ ಒಸರಬಹುದು. ಕ್ಯಾಮರಾನ್ ಗಾಯಗಳು ಎಂದು ಇವಕ್ಕೆ ಹೆಸರು. ವಯಸ್ಸಾದ ಹೆಂಗಸರಿಗೆ ಕಬ್ಬಿಣದ ಮಾತ್ರೆ ಎಷ್ಟು ಕೊಟ್ಟರೂ ರಕ್ತ ಏರದೆ, ಮತ್ತೆ ಮತ್ತೆ ರಕ್ತಹೀನತೆ ಕಾಣುತ್ತಿದ್ದರೆ ಇದೂ ಒಂದು ಕಾರಣವಿರಬಹುದು ಎಂದು ನೆನೆಯಬೇಕು. ಊಟ ಸರಿಯಿಲ್ಲ, ಸೊಪ್ಪು ತಿನ್ನುವುದಿಲ್ಲ ಎಂದು ಅವರನ್ನೇ ದೂರಿ ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ಬಹಳ.

ಅಪರೂಪಕ್ಕೆ ಎದೆಗೇರಿದ ಜಠರ ತನ್ನ ಸುತ್ತಲೇ ತಿರುಚಿಕೊಳ್ಳುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ತಾಳಲಾಗದ ನೋವು, ಓಕರಿಕೆ ಒತ್ತೊತ್ತಿ ಬಂದರೂ ಏನೂ ಹೊರಬಾರದಿರುವುದು, ಮೂಗಿನಿಂದ ಹಾಕಿದ ನಳಿಕೆ ಜಠರಕ್ಕೆ ಇಳಿಯದಿರುವುದು ಇದರ ಮೂರು ಗುರುತುಗಳು. 1904ರಲ್ಲಿ ಬೋರ್ಶಾರ್ಟ್ ಎಂಬ ಜರ್ಮನ್ ಶಸ್ತ್ರವೈದ್ಯ ಇವನ್ನು ಬರೆದಿಟ್ಟ. ಮೊದಲ ಎರಡನ್ನು ಮನೆಯವರೇ ಗುರುತಿಸಬಹುದು. ಆಗ ಬೆಳಗಾಗಲಿ ಎಂದು ಕಾಯಬಾರದು. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಆ ರಾತ್ರಿಯೇ ಹೋಗಬೇಕು.

ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರು

ಎದೆಯುರಿ, ಹುಳಿತೇಗು, ಬಾಗಿದಾಗ ಬಾಯಿಗೆ ಕಹಿನೀರು ಬರುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಬೆಳಗ್ಗೆ ಎದ್ದಾಗ ಒಡೆದ ದನಿ, ರಾತ್ರಿ ಮಲಗಿದ ಮೇಲೆ ಶುರುವಾಗುವ ಒಣಕೆಮ್ಮು. ಜಾರುವ ಹರ್ನಿಯಾದ ಮುಖಗಳು ಇವು. ನಮ್ಮಲ್ಲಿ ಇವಿಷ್ಟಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ಹೆಸರು ಏನೇ ಇರಲಿ, ಅಪಾಯ ಇರುವುದು ಬೇರೆ ಕಡೆ. ಎದೆ ನೋವಿಗೂ ಅದೇ ಹೆಸರಿಟ್ಟು ಜೀರಿಗೆ ಕಷಾಯವೋ ಸೋಡಾವೋ ಕುಡಿದು ಮಲಗಿದವರಲ್ಲಿ ಕೆಲವರು ಬೆಳಗ್ಗೆ ಎದ್ದಿಲ್ಲ. ಹೃದಯದ ನೋವನ್ನೂ ಅನ್ನನಾಳದ ನೋವನ್ನೂ ಮೆದುಳಿಗೆ ಒಯ್ಯುವ ನರಗಳ ದಾರಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅನುಭವಿಸುವವರಿಗಿರಲಿ, ಒಮ್ಮೊಮ್ಮೆ ವೈದ್ಯರಿಗೂ ಬರೀ ನೋವಿನಿಂದ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಎದೆಯಲ್ಲಿ ಬಿಗಿತ, ಒತ್ತಡ, ತೋಳಿಗೋ ದವಡೆಗೋ ಹರಡುವ ನೋವು, ಬೆವರು, ಮೆಟ್ಟಿಲು ಹತ್ತಿದಾಗ ಹೆಚ್ಚಾಗುವುದು ಇದ್ದರೆ ಮೊದಲು ಇಸಿಜಿ. ನಿಮಗೆ ಹಯಾಟಸ್ ಹರ್ನಿಯಾ ಇದೆ ಎಂದು ವರದಿಯಲ್ಲಿ ಬರೆದಿದ್ದರೂ ಸರಿ, ಮೊದಲು ಇಸಿಜಿಯೇ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತ ನೋವೇ ಇಲ್ಲದೆ, ಬರೀ ಸುಸ್ತು, ಬೆವರು, ಹೊಟ್ಟೆ ತೊಳಸಿದಂತಾಗಿ ಬರಬಹುದು. ಈ ಒಂದು ವಿಷಯದಲ್ಲಿ ಸಂಕೋಚವಾಗಲಿ ಖರ್ಚಿನ ಲೆಕ್ಕವಾಗಲಿ ಅಡ್ಡ ಬರಬಾರದು.

ಇನ್ನು ಕೆಲವು ಲಕ್ಷಣಗಳಿದ್ದರೆ ಎಂಡೋಸ್ಕೋಪಿ ಮುಂದೂಡಬಾರದು: ಅನ್ನ ಎದೆಯಲ್ಲಿ ಸಿಕ್ಕಿಕೊಳ್ಳುವುದು, ಮೊದಲು ಗಟ್ಟಿ ಆಹಾರಕ್ಕೆ, ಆಮೇಲೆ ಗಂಜಿಗೂ ಹಾಗೆಯೇ ಆಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಡಾಂಬರಿನಷ್ಟು ಕಪ್ಪಾದ ಮಲ, ರಕ್ತವಾಂತಿ, ರಕ್ತಹೀನತೆ. ಐವತ್ತರ ನಂತರ ಮೊದಲ ಸಲ ಎದೆಯುರಿ ಶುರುವಾದವರೂ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

ವರದಿಯ ಭಾಷೆ

ಎಂಡೋಸ್ಕೋಪಿಯಲ್ಲಿ ವೈದ್ಯರು ಎರಡು ಗುರುತುಗಳನ್ನು ನೋಡುತ್ತಾರೆ. ಅನ್ನನಾಳದ ಬೆಳ್ಳನೆಯ ಒಳಪದರ ಮುಗಿದು ಜಠರದ ಕೆಂಪು ಪದರ ಶುರುವಾಗುವ ಗೆರೆ ಒಂದು. ವಪೆ ಹೊರಗಿನಿಂದ ಒತ್ತಿ ಹಿಡಿದ ಜಾಗ ಇನ್ನೊಂದು. ಇವೆರಡರ ನಡುವೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಹಯಾಟಸ್ ಹರ್ನಿಯಾ ಎಂದು ಬರೆಯುತ್ತಾರೆ. ಪರೀಕ್ಷೆಯ ಹೊತ್ತಿನಲ್ಲಿ ರೋಗಿ ಓಕರಿಸುತ್ತಾರೆ, ಜಠರಕ್ಕೆ ಗಾಳಿ ತುಂಬಿರುತ್ತದೆ, ಜಾರುವ ಹರ್ನಿಯಾ ಜಾರುತ್ತಲೇ ಇರುತ್ತದೆ. ಹೀಗಾಗಿ ಚಿಕ್ಕದಾದದ್ದು ಒಬ್ಬರಿಗೆ ಕಂಡು ಇನ್ನೊಬ್ಬರಿಗೆ ಕಾಣದಿರುವುದು ಸಾಮಾನ್ಯ. ‘ಲ್ಯಾಕ್ಸ್ ಎಲ್‌ಇಎಸ್’ ಎಂಬುದಂತೂ ಬಹಳ ಸಲ ಕಣ್ಣಂದಾಜಿನ ಮಾತು. ಬಿಗಿಸ್ನಾಯುವಿನ ಒತ್ತಡವನ್ನು ನಿಜವಾಗಿ ಅಳೆಯುವುದು ಮ್ಯಾನೋಮೆಟ್ರಿ ಎಂಬ ಬೇರೆ ಪರೀಕ್ಷೆ. ಆ ಎರಡು ಪದಗಳನ್ನು ಓದಿ ನಿದ್ದೆಗೆಡುವ ಅಗತ್ಯ ಇಲ್ಲ.

ವರದಿಯಲ್ಲಿ ನಿಜವಾಗಿ ಹುಡುಕಬೇಕಾದದ್ದು ಅನ್ನನಾಳದಲ್ಲಿ ಸುಟ್ಟಗಾಯ ಇದೆಯೇ ಎಂಬುದನ್ನು. ‘ಎಲ್‌ಎ ಗ್ರೇಡ್’ ಎಂದು ಎ ಯಿಂದ ಡಿ ವರೆಗೆ ಅದನ್ನು ಗುರುತಿಸುತ್ತಾರೆ. ಎ ಎಂದರೆ ಐದು ಮಿಲಿಮೀಟರ್ ಮೀರದ ಗೀರು, ಡಿ ಎಂದರೆ ಅನ್ನನಾಳದ ಸುತ್ತಳತೆಯ ಮುಕ್ಕಾಲು ಭಾಗಕ್ಕಾದರೂ ಹಬ್ಬಿದ ಗಾಯ. ಸಿ, ಡಿ ಇದ್ದವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು, ಗಾಯ ಮಾಗಿದೆಯೇ ಎಂದು ಮತ್ತೆ ನೋಡಿಸಬೇಕು. ‘ಬ್ಯಾರೆಟ್ಸ್’ ಎಂಬ ಮಾತಿದ್ದರೆ, ಆಮ್ಲದ ಹೊಡೆತಕ್ಕೆ ಅನ್ನನಾಳದ ಒಳಪದರ ಕರುಳಿನ ಪದರದಂತೆ ಬದಲಾಗಿದೆ ಎಂದರ್ಥ. ಅವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದಿಲ್ಲ, ಆದರೆ ಕೆಲವು ವರ್ಷಗಳಿಗೊಮ್ಮೆ ಬಯಾಪ್ಸಿಯ ಜೊತೆ ಎಂಡೋಸ್ಕೋಪಿ ಬೇಕು.

ದೊಡ್ಡ ಹರ್ನಿಯಾದ ಆಕಾರ ತಿಳಿಯಲು ಬೇರಿಯಂ ನುಂಗಿಸಿ ತೆಗೆಯುವ ಎಕ್ಸ್-ರೇ ಈಗಲೂ ಉಪಯುಕ್ತ. ಆಪರೇಷನ್ ಯೋಚನೆ ಇದ್ದಾಗ ಮ್ಯಾನೋಮೆಟ್ರಿ ಮತ್ತು ಮೂಗಿನ ಮೂಲಕ ತೆಳು ತಂತಿಯನ್ನು ಇಳಿಸಿ 24 ಗಂಟೆ ಆಮ್ಲ ಅಳೆಯುವ ಪಿಎಚ್ ಪರೀಕ್ಷೆ ಬೇಕಾಗುತ್ತವೆ.

ಊಟ, ನಿದ್ದೆ, ಸೊಂಟದ ಸುತ್ತಳತೆ

ಪಥ್ಯದ ಪಟ್ಟಿ ಉದ್ದವಾಗಿರುತ್ತದೆ: ಖಾರ ಬೇಡ, ಹುಳಿ ಬೇಡ, ಕಾಫಿ ಬೇಡ, ಟೊಮೆಟೊ ಬೇಡ, ಒಗ್ಗರಣೆ ಬೇಡ. ಅಷ್ಟನ್ನೂ ಬಿಟ್ಟವರ ತಟ್ಟೆಯಲ್ಲಿ ಮೊಸರನ್ನವೊಂದೇ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಪಟ್ಟಿ ಉಪಕಾರಕ್ಕಿಂತ ಬೇಸರವನ್ನೇ ಹೆಚ್ಚು ತರುತ್ತದೆ. ಎಲ್ಲರಿಗೂ ಎಲ್ಲವೂ ಆಗದು ಎಂದಿಲ್ಲ. ಎರಡು ಮೂರು ವಾರ ಬರೆದಿಟ್ಟು ನೋಡಿ, ನಿಮಗೆ ಉರಿ ತರುವುದನ್ನು ಮಾತ್ರ ಬಿಡಿ. ಏನು ತಿಂದಿರಿ ಎಂಬುದಕ್ಕಿಂತ ಎಷ್ಟು ತಿಂದಿರಿ, ತಿಂದು ಎಷ್ಟು ಹೊತ್ತಿಗೆ ಮಲಗಿದಿರಿ ಎಂಬುದು ಹೆಚ್ಚು ಮುಖ್ಯ. ಜಠರ ಹಿಗ್ಗಿದಷ್ಟೂ ಬಿಗಿಸ್ನಾಯು ತಾನಾಗಿ ಸಡಿಲಗೊಳ್ಳುವುದು ಹೆಚ್ಚುತ್ತದೆ. ತೇಗು ಬರುವುದೂ ಹೀಗೆಯೇ, ಆಮ್ಲ ನುಗ್ಗುವುದೂ ಹೀಗೆಯೇ. ಕರಿದ, ಎಣ್ಣೆ ಹೆಚ್ಚಿದ ಊಟ ಜಠರದಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಮದುವೆ ಮನೆಯಲ್ಲಿ ಎಲೆ ತುಂಬ ಉಂಡು, ಮೇಲೆ ಸೋಡಾ ಕುಡಿದು, ಮಧ್ಯಾಹ್ನ ಒಂದು ಜೊಂಪು ಹೊಡೆದರೆ ಎದೆ ಉರಿಯದೆ ಇರುವುದೇ ಆಶ್ಚರ್ಯ.

ನಗರಗಳಲ್ಲಿ ರಾತ್ರಿ ಊಟ ಹತ್ತು ಗಂಟೆ ದಾಟಿದೆ. ಆಫೀಸು, ಟ್ರಾಫಿಕ್ಕು, ಟಿವಿ ಮುಗಿಯುವ ಹೊತ್ತಿಗೆ ಉಂಡು ಹತ್ತೂವರೆಗೆ ಹಾಸಿಗೆ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಬಿಡುವಿರಬೇಕು. ಕೂಲಿ ಮುಗಿಸಿ, ಅಡಿಗೆ ಮಾಡಿ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸಿಗೆ ಇದನ್ನು ಹೇಳುವುದು ಸುಲಭ, ನಡೆಸುವುದು ಕಷ್ಟ. ಅಂಥವರು ರಾತ್ರಿಯ ಊಟವನ್ನು ಹಗುರ ಮಾಡಿ, ಮಧ್ಯಾಹ್ನದ್ದನ್ನು ದೊಡ್ಡದು ಮಾಡಿಕೊಂಡರೂ ಗುಣ ಕಾಣುತ್ತದೆ. ಮುದ್ದೆ ಉಣ್ಣುವವರು ಬಿಡಬೇಕಾಗಿಲ್ಲ, ರಾತ್ರಿ ಗಾತ್ರ ಇಳಿಸಿದರೆ ಸಾಕು. ಆದರೆ ಅನ್ನನಾಳ ಕಿರಿದಾಗಿ ಆಹಾರ ಸಿಕ್ಕಿಕೊಳ್ಳುವ ತೊಂದರೆ ಇದ್ದವರು ಅಗಿಯದೆ ನುಂಗುವ ಅಭ್ಯಾಸವನ್ನು ಬಿಡಲೇಬೇಕು.

ಮಲಗುವ ರೀತಿಯೂ ಮುಖ್ಯ. ಜಠರ ಎಡಕ್ಕೆ ಬಾಗಿದ ಅಂಗ. ಎಡಮಗ್ಗುಲಲ್ಲಿ ಮಲಗಿದಾಗ ಆಮ್ಲ ತುಂಬಿದ ಭಾಗ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ, ಬಲಮಗ್ಗುಲಾದರೆ ಬಾಯಿಯೇ ಆಮ್ಲದಲ್ಲಿ ಮುಳುಗುತ್ತದೆ. ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಆರರಿಂದ ಎಂಟು ಇಂಚಿನ ಮರದ ತುಂಡನ್ನೋ ಇಟ್ಟಿಗೆಯನ್ನೋ ಭದ್ರವಾಗಿ ಇಟ್ಟರೆ ರಾತ್ರಿಯ ಕೆಮ್ಮು, ಹುಳಿನೀರು ಎರಡೂ ತಗ್ಗುತ್ತವೆ. ಎರಡು ಮೂರು ದಿಂಬು ಪೇರಿಸುವುದು ಇದಕ್ಕೆ ಸಾಟಿಯಲ್ಲ. ಅದರಿಂದ ಕುತ್ತಿಗೆ ಮಾತ್ರ ಮೇಲೆದ್ದು, ಸೊಂಟ ಮಡಿಚಿ ಹೊಟ್ಟೆಯ ಒತ್ತಡ ಇನ್ನೂ ಹೆಚ್ಚಬಹುದು. ನೆಲದ ಮೇಲೆ ಚಾಪೆ ಹಾಸಿ ಮಲಗುವವರು ಸೊಂಟದಿಂದ ಮೇಲಕ್ಕೆ ಇಳಿಜಾರಾಗಿ ಬರುವ ಹಾಗೆ ಹಾಸಿಗೆಯ ಕೆಳಗೆ ಮಡಿಸಿದ ಜಮಖಾನೆಗಳನ್ನು ಇಟ್ಟುಕೊಳ್ಳಬಹುದು.

ತೂಕ ಇಳಿಸುವುದು ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಫಲ ಕೊಡುವಂಥದ್ದು. ಹೊಟ್ಟೆಯ ಬೊಜ್ಜು ಹಗಲೂ ರಾತ್ರಿ ಜಠರವನ್ನು ಕಿಂಡಿಯತ್ತ ತಳ್ಳುತ್ತಲೇ ಇರುತ್ತದೆ. ಬಿಗಿಯಾದ ಬೆಲ್ಟು, ಲಂಗದ ಲಾಡಿ, ಜೀನ್ಸ್ ಮಾಡುವುದೂ ಅದನ್ನೇ. ಬೀಡಿ ಸಿಗರೇಟು ಬಿಗಿಸ್ನಾಯುವನ್ನು ಸಡಿಲಿಸುತ್ತವೆ. ಮಲಬದ್ಧತೆ ಇದ್ದರೆ ಅದಕ್ಕೆ ಮೊದಲು ಪರಿಹಾರ ಮಾಡಿಕೊಳ್ಳಬೇಕು. ಯೋಗ ಮಾಡುವವರು ತಲೆಕೆಳಗಾಗುವ ಆಸನಗಳನ್ನೂ ಕಪಾಲಭಾತಿಯಂತೆ ಹೊಟ್ಟೆಯನ್ನು ಜೋರಾಗಿ ಒತ್ತುವ ಕ್ರಿಯೆಗಳನ್ನೂ ಬಿಡುವುದು ವಾಸಿ. ಹೊಟ್ಟೆಯುಬ್ಬಿಸಿ ನಿಧಾನವಾಗಿ ಉಸಿರೆಳೆದು ಬಿಡುವ ಅಭ್ಯಾಸ ಮಾತ್ರ ಒಳ್ಳೆಯದು. ವಪೆಗೆ ಅದೇ ವ್ಯಾಯಾಮ, ಕೆಲವರಲ್ಲಿ ಎದೆಯುರಿಯೂ ತೇಗೂ ಅದರಿಂದ ಕಡಿಮೆಯಾಗಿವೆ.

ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್‌ನಂಥ ಮಾತ್ರೆಗಳು, ಹೃದಯಕ್ಕೆ ಕೊಡುವ ನೈಟ್ರೇಟ್‌ಗಳು, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಕೂಡ ಬಿಗಿಸ್ನಾಯುವನ್ನು ಸಡಿಲಿಸಬಲ್ಲವು. ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಬದಲಿ ಉಂಟೇ ಎಂದು ವೈದ್ಯರನ್ನು ಕೇಳಿ.

ಬೆಳಗಿನ ಮಾತ್ರೆ

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್. ನಮ್ಮ ಮನೆಗಳ ಔಷಧಿ ಡಬ್ಬಿಯಲ್ಲಿ ಇವುಗಳಲ್ಲೊಂದು ಇದ್ದೇ ಇರುತ್ತದೆ. 1988ರಲ್ಲಿ ಒಮೆಪ್ರಜೋಲ್ ಮಾರುಕಟ್ಟೆಗೆ ಬಂದ ಮೇಲೆ ಎದೆಯುರಿಯ ಚಿಕಿತ್ಸೆಯೇ ಬದಲಾಯಿತು. ಇವು ಹರ್ನಿಯಾವನ್ನು ಕೆಳಗಿಳಿಸುವುದಿಲ್ಲ, ಬಾಗಿಲನ್ನು ಬಿಗಿ ಮಾಡುವುದಿಲ್ಲ. ಮೇಲೇರುವ ರಸದ ಆಮ್ಲತೆಯನ್ನು ತಗ್ಗಿಸುತ್ತವೆ, ಅಷ್ಟೆ. ಅದರಿಂದಲೇ ಕೆಲವರು ‘ಉರಿ ಹೋಯಿತು, ಆದರೆ ನೀರು ಬಾಯಿಗೆ ಬರುವುದು ನಿಂತಿಲ್ಲ’ ಎನ್ನುತ್ತಾರೆ. ಅವರು ಹೇಳುವುದು ಸರಿಯಾಗಿಯೇ ಇದೆ.

ಜಠರದ ಆಮ್ಲ ಪಂಪುಗಳು ಊಟಕ್ಕೆ ಎಚ್ಚರಗೊಳ್ಳುತ್ತವೆ. ಎಚ್ಚರಗೊಂಡ ಪಂಪನ್ನು ಮಾತ್ರ ಈ ಮಾತ್ರೆ ಹಿಡಿಯಬಲ್ಲದು. ಆದ್ದರಿಂದ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಬೇಕು. ಮಾತ್ರೆ ನುಂಗಿ ಹನ್ನೊಂದರವರೆಗೆ ಏನೂ ತಿನ್ನದವರಿಗೂ, ತಿಂಡಿಯ ನಂತರ ನೆನಪಾಗಿ ನುಂಗುವವರಿಗೂ ಅರ್ಧ ಗುಣ ಮಾತ್ರ ಸಿಗುತ್ತದೆ. ‘ಮಾತ್ರೆ ನಾಟುತ್ತಿಲ್ಲ’ ಎಂಬ ದೂರಿಗೆ ಬಹಳ ಸಲ ಕಾರಣ ಇದೇ.

ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಕೊಟ್ಟು, ಆಮೇಲೆ ಇಳಿಸಿ ನೋಡುತ್ತಾರೆ. ತಿಂಗಳುಗಟ್ಟಲೆ ತೆಗೆದುಕೊಂಡು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಕೆಲವು ವಾರ ಆಮ್ಲ ಮೊದಲಿಗಿಂತ ಹೆಚ್ಚು ಸ್ರವಿಸುತ್ತದೆ. ಆ ಉರಿಯನ್ನು ಕಂಡು ‘ಇದಿಲ್ಲದೆ ನನಗಾಗದು’ ಎಂದು ಮತ್ತೆ ಶುರು ಮಾಡುವವರು ಬಹಳ. ದಿನ ಬಿಟ್ಟು ದಿನ ಮಾಡಿ ನಿಧಾನವಾಗಿ ಇಳಿಸಿದರೆ ಸುಲಭ. ಬೇಕೇ ಬೇಕಾದವರು ವರ್ಷಗಟ್ಟಲೆ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಬಿ12, ಮೆಗ್ನೀಸಿಯಮ್ ಕಡಿಮೆಯಾಗಬಹುದು ಎಂಬುದನ್ನು ನೆನಪಿಟ್ಟು ಆಗಾಗ ನೋಡಿಸಿದರೆ ಸಾಕು. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ ಇರುವುದರಿಂದ ಅವರು ಇನ್ನಷ್ಟು ಎಚ್ಚರವಾಗಿರಬೇಕು. ಇದರ ಜೊತೆ ಡೋಮ್‌ಪೆರಿಡೋನ್ ಸೇರಿಸಿದ ಕ್ಯಾಪ್ಸೂಲನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆದು ವರ್ಷಗಟ್ಟಲೆ ನುಂಗುವುದು ಮಾತ್ರ ಸರಿಯಲ್ಲ. ಹೃದಯದ ಬಡಿತದ ಲಯವನ್ನು ಕೆಡಿಸುವ ಗುಣ ಅದಕ್ಕಿದೆ. ಆಲ್ಜಿನೇಟ್ ಇರುವ ಸಿರಪ್‌ಗಳು ಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ: ಮೊದಲೇ ಹೇಳಿದ ಆಮ್ಲದ ಪದರದ ಮೇಲೆ ನೊರೆಯ ತೆಪ್ಪ ಕಟ್ಟಿ ಅದನ್ನು ಕೆಳಗೆ ಒತ್ತುತ್ತವೆ. ಹಾಗಾಗಿ ಅವನ್ನು ಊಟವಾದ ಮೇಲೆ, ಮಲಗುವ ಮುಂಚೆ ಕುಡಿಯಬೇಕು.

ಚಾಕು ಯಾರಿಗೆ

ಮೊದಲು ಶಸ್ತ್ರವೈದ್ಯರು ತೂತನ್ನು ಮುಚ್ಚುವುದರ ಬಗ್ಗೆಯೇ ಯೋಚಿಸುತ್ತಿದ್ದರು. 1951ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಫಿಲಿಪ್ ಆಲಿಸನ್, ತೊಂದರೆ ಜಠರ ಮೇಲೇರಿದ್ದರಿಂದಲ್ಲ, ಆಮ್ಲ ಮೇಲೇರುವುದರಿಂದ ಎಂದು ಬರೆದ ಮೇಲೆ ದೃಷ್ಟಿ ಬದಲಾಯಿತು. ಈಗಿನ ಶಸ್ತ್ರಚಿಕಿತ್ಸೆಯ ಮೂಲ ಇರುವುದು ರುಡಾಲ್ಫ್ ನಿಸ್ಸೆನ್ ಕೈಯಲ್ಲಿ. ಯಹೂದಿಯಾದ ಆತ 1933ರಲ್ಲಿ ಜರ್ಮನಿ ಬಿಟ್ಟು ಇಸ್ತಾಂಬುಲ್ ಸೇರಿದ. ಅಲ್ಲಿ ಒಬ್ಬ ರೋಗಿಯ ಅನ್ನನಾಳದ ತುದಿ ತೆಗೆದು ಜೋಡಿಸುವಾಗ ಹೊಲಿಗೆ ಭದ್ರವಾಗಿರಲೆಂದು ಜಠರವನ್ನೇ ಅದರ ಸುತ್ತ ಹೊದಿಸಿದ್ದ. ವರ್ಷಗಳ ನಂತರವೂ ಆ ರೋಗಿಗೆ ಎದೆಯುರಿ ಬಂದಿರಲಿಲ್ಲ. 1955ರಲ್ಲಿ ಬಾಸೆಲ್‌ನಲ್ಲಿ ಅದನ್ನೇ ಎದೆಯುರಿಯ ಚಿಕಿತ್ಸೆಯಾಗಿ ಮಾಡಿದ, ಮರುವರ್ಷ ಪ್ರಕಟಿಸಿದ. 

ಈಗ ಅದನ್ನು ಹೊಟ್ಟೆಯ ಮೇಲೆ ನಾಲ್ಕೈದು ಚಿಕ್ಕ ರಂಧ್ರ ಮಾಡಿ ಲ್ಯಾಪರೊಸ್ಕೋಪಿಯಲ್ಲಿ ಮಾಡುತ್ತಾರೆ. ಜಠರವನ್ನು ಕೆಳಗೆಳೆದು, ಅನ್ನನಾಳದ ಎರಡು ಮೂರು ಸೆಂಟಿಮೀಟರ್ ಬಿಗಿತವಿಲ್ಲದೆ ಹೊಟ್ಟೆಯಲ್ಲಿ ನಿಲ್ಲುವ ಹಾಗೆ ಮಾಡಿ, ಅಗಲವಾದ ಕಿಂಡಿಗೆ ಹೊಲಿಗೆ ಹಾಕುತ್ತಾರೆ. ಆಮೇಲೆ ಜಠರದ ನೆತ್ತಿಯನ್ನು ಚಳಿಗಾಲದಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿದ ಹಾಗೆ ಅನ್ನನಾಳದ ತುದಿಗೆ ಸುತ್ತಿ ಹೊಲಿಯುತ್ತಾರೆ. ಪೂರ್ತಿ ಸುತ್ತಿದರೆ ನಿಸ್ಸೆನ್ ವಿಧಾನ, ಮುಕ್ಕಾಲು ಸುತ್ತಿದರೆ ಟೂಪೆ ವಿಧಾನ. ಅನ್ನನಾಳದ ತಳ್ಳುವ ಶಕ್ತಿ ಕುಂದಿದ್ದರೆ ಈ ಮುಕ್ಕಾಲು ಸುತ್ತನ್ನೇ ಆರಿಸುತ್ತಾರೆ. ಮ್ಯಾನೋಮೆಟ್ರಿ ಬೇಕೆನ್ನುವುದು ಇದಕ್ಕೇ.

ಯಾರಿಗೆ ಇದು ಬೇಕು? ಸರಿಯಾಗಿ ಮಾತ್ರೆ ತೆಗೆದುಕೊಂಡರೂ ಬಾಯಿಗೆ ನೀರು ನುಗ್ಗುವುದು, ರಾತ್ರಿ ಅದು ಶ್ವಾಸನಾಳಕ್ಕೆ ಇಳಿದು ಮತ್ತೆ ಮತ್ತೆ ಕೆಮ್ಮು, ನ್ಯುಮೋನಿಯಾ ಬರುವುದು, ಗಾಯ ಮಾಗದಿರುವುದು ಒಂದು ಗುಂಪು. ಪಕ್ಕದಿಂದ ನುಗ್ಗಿದ ದೊಡ್ಡ ಹರ್ನಿಯಾದಿಂದ ಊಟ ಹೋಗದ, ಉಸಿರು ಕಟ್ಟುವ, ರಕ್ತ ಕಡಿಮೆಯಾಗುವವರದು ಇನ್ನೊಂದು. ದೊಡ್ಡ ಹರ್ನಿಯಾ ಇದ್ದು ಏನೂ ತೊಂದರೆ ಇಲ್ಲದವರದ್ದೇ ಬಹುಕಾಲದ ಚರ್ಚೆ. 1967ರಲ್ಲಿ ಸ್ಕಿನ್ನರ್ ಮತ್ತು ಬೆಲ್ಸಿ, ಆಪರೇಷನ್ ಇಲ್ಲದೆ ಇದ್ದ ಇಂಥ 21 ಜನರಲ್ಲಿ 6 ಮಂದಿ ಹರ್ನಿಯಾದ ತೊಡಕಿನಿಂದ ಸತ್ತರು ಎಂದು ಬರೆದ ಮೇಲೆ ಕಂಡವರಿಗೆಲ್ಲ ಆಪರೇಷನ್ ಮಾಡುವ ರೂಢಿ ಬಂತು. ಆದರೆ 2002ರ ಒಂದು ವಿಶ್ಲೇಷಣೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ವರ್ಷಕ್ಕೆ ನೂರರಲ್ಲಿ ಸುಮಾರು ಒಂದು ಎಂದು ತೋರಿಸಿತು. ತೊಂದರೆಯಿಲ್ಲದ ಹಿರಿಯರಲ್ಲಿ ಕಾದು ನೋಡುವುದೇ ಸರಿ ಎಂಬ ಅಭಿಪ್ರಾಯ ಅಲ್ಲಿಂದ ಬಲವಾಗಿದೆ. ಬೊಜ್ಜಿಗಾಗಿ ಜಠರ ಕಿರಿದುಗೊಳಿಸುವ ಸ್ಲೀವ್ ಆಪರೇಷನ್ ಯೋಚಿಸುತ್ತಿರುವವರು ತಮಗೆ ಹಯಾಟಸ್ ಹರ್ನಿಯಾ ಮತ್ತು ಎದೆಯುರಿ ಇದೆ ಎಂದು ಮೊದಲೇ ಹೇಳಬೇಕು. ಸ್ಲೀವ್‌ನಿಂದ ಎದೆಯುರಿ ಹೆಚ್ಚಾಗಬಹುದು, ಅಂಥವರಿಗೆ ಜಠರದ ಬೈಪಾಸ್ ವಿಧಾನ ಮೇಲು.

ಒಪ್ಪುವ ಮುಂಚೆ ತಿಳಿದಿರಬೇಕಾದದ್ದು ಇನ್ನೂ ಇದೆ. ದೊಡ್ಡ ಹರ್ನಿಯಾಗಳ ದುರಸ್ತಿಯ ನಂತರ ಐದು ವರ್ಷಕ್ಕೆ ಬೇರಿಯಂ ಎಕ್ಸ್-ರೇ ತೆಗೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಸ್ವಲ್ಪಮಟ್ಟಿಗೆ ಮರುಕಳಿಸಿರುವುದು ಅಮೆರಿಕದ ಒಂದು ಅಧ್ಯಯನದಲ್ಲಿ ಕಂಡಿದೆ. ಆದರೂ ಅವರಲ್ಲಿ ಬಹುತೇಕರಿಗೆ ತೊಂದರೆ ಮರಳಿರಲಿಲ್ಲ, ಎರಡನೆಯ ಆಪರೇಷನ್ ಬೇಕಾದವರು ತೀರಾ ಕಡಿಮೆ. ಮೊದಲ ಕೆಲವು ವಾರ ನುಂಗುವುದು ಕಷ್ಟ. ಮೊದಲು ನೀರಾದ ಆಹಾರ, ಆಮೇಲೆ ಮೆತ್ತಗೆ ಬೇಯಿಸಿದ ಅನ್ನ, ಗಂಜಿ, ಇಡ್ಲಿಯನ್ನು ಸಾರಿನಲ್ಲಿ ನೆನೆಸಿ. ಚಪಾತಿ, ಬ್ರೆಡ್ಡು, ಮಾಂಸದ ತುಂಡು ನಾಲ್ಕರಿಂದ ಆರು ವಾರಗಳ ನಂತರ. ಸೋಡಾ ಬೇಡವೇ ಬೇಡ, ಏಕೆಂದರೆ ಸುತ್ತು ಬಿಗಿಯಾಗಿರುವುದರಿಂದ ತೇಗು ಸುಲಭವಾಗಿ ಬರುವುದಿಲ್ಲ, ಹೊಟ್ಟೆ ಉಬ್ಬುತ್ತದೆ, ಅಧೋವಾಯು ಹೆಚ್ಚುತ್ತದೆ. ಹೊಸ ಹೊಲಿಗೆಗೆ ವಾಂತಿ, ಓಕರಿಕೆ ದೊಡ್ಡ ಶತ್ರು. ಮನೆಗೆ ಬಂದ ಮೇಲೆ ಓಕರಿಕೆ ಶುರುವಾದರೆ ತಡೆದುಕೊಂಡು ಕೂರದೆ ಆ ದಿನವೇ ಶಸ್ತ್ರವೈದ್ಯರಿಗೆ ಫೋನ್ ಮಾಡಬೇಕು. ಯಾವ ವಿಧಾನದ ಸುತ್ತು ಹಾಕಿದ್ದಾರೆ ಎಂದು ಬರೆದಿರುವ ಡಿಸ್ಚಾರ್ಜ್ ಸಮ್ಮರಿಯ ಒಂದು ಪ್ರತಿಯನ್ನು ಮನೆಯಲ್ಲಿ ಜೋಪಾನವಾಗಿಡಿ. ಮುಂದೆ ಯಾವ ಕಾರಣಕ್ಕೇ ಆಗಲಿ ಎಂಡೋಸ್ಕೋಪಿ ಮಾಡುವವರಿಗೂ, ಮೂಗಿನಿಂದ ನಳಿಕೆ ಹಾಕುವವರಿಗೂ ಅದನ್ನು ಮೊದಲು ತೋರಿಸಬೇಕಾಗುತ್ತದೆ.